ದಾಲ್ಸು ಮೇಸ್ತ್ರಿ ಸೋಫಾ ಪರೀಕ್ಷಿಸಿದ್ದು

ನಮ್ಮ ಎರಡನೇ ಬ್ಲಾಕಿನ ಒಂಬತ್ತನೇ ಮಹಡಿಯ ನಾಮ್ ದಾಲ್ಸು ಅವರು ಯಾವ ವಸ್ತುವನ್ನೂ ಪರೀಕ್ಷೆ ಮಾಡದೆ ಒಪ್ಪಿಕೊಂಡವರಲ್ಲ. ಗುನ್ಸಾನ್ ಬಂದರಿನ ಹತ್ತಿರದ ಪ್ಲೈವುಡ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹಲಗೆಗಳನ್ನು ಬೆರಳಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಇದು ಆಗುತ್ತೆ, ಇದು ಆಗಲ್ಲ ಎಂದು ತೀರ್ಪು ಕೊಟ್ಟ ಮೇಸ್ತ್ರಿ ಅವರು. ನಿವೃತ್ತರಾದ ಮೇಲೂ ಆ ಬೆರಳು ಸುಮ್ಮನಿರಲಿಲ್ಲ. ಮಾರುಕಟ್ಟೆಯಲ್ಲಿ ಮೂಲಂಗಿ ಕುಟ್ಟುತ್ತಿದ್ದರು, ಲಿಫ್ಟಿನ ಗೋಡೆ ಕುಟ್ಟುತ್ತಿದ್ದರು. ಒಮ್ಮೆ ನನ್ನ ಬೆನ್ನು ತಟ್ಟಿ ಒಂದು ಗಳಿಗೆ ಕಿವಿಗೊಟ್ಟು ನಿಂತರು. ಏನು ಕೇಳಿಸಿತೋ ಇವತ್ತಿನವರೆಗೂ ಹೇಳಿಲ್ಲ. ನಾನು ಅವರ ಕೆಳಗಿನ ಮನೆಯವನು, ಎಂಟನೇ ಮಹಡಿ. ಈ ವ್ಯವಹಾರದಲ್ಲಿ ನನ್ನ ಪಾಲಿಗೆ ಬಂದ ಕೆಲಸ ಎರಡು: ಕಾರು ಓಡಿಸುವುದು ಮತ್ತು ನಿದ್ದೆ ಮಾಡುವುದು.

ಮೇಸ್ತ್ರಿಗಳ ಮನೆಯಲ್ಲಿ ಸೋಫಾ ಇರಲಿಲ್ಲ. ಅವರೂ ಅವರ ಹೆಂಡತಿ ಹ್ವಾಜಾ ಅವರೂ ಮೂವತ್ತನಾಲ್ಕು ವರ್ಷ ನೆಲದ ಮೇಲೆ ಕೂತು, ಗೋಡೆಗೆ ಒರಗಿ ಟಿ.ವಿ. ನೋಡಿದವರು. ಗೋಡೆ ಕಾಗದದ ಮೇಲೆ ಎರಡು ತಲೆಗಳ ಎರಡು ದುಂಡನೆಯ ಎಣ್ಣೆ ಕಲೆಗಳಿದ್ದವು, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಚಳಿಗಾಲದಲ್ಲಿ ಗೋಡೆಯ ಮೇಲಿನ ಗುಂಡಿ ತಿರುಗಿಸಿದರೆ ನೆಲ ಬೆಚ್ಚಗಾಗುತ್ತದೆ. ಆ ಬಿಸಿ ನಿಧಾನವಾಗಿ ತೊಡೆಗೆ, ಸೊಂಟಕ್ಕೆ, ಕಣ್ಣಿನ ರೆಪ್ಪೆಗೆ ಏರುತ್ತದೆ. ಟಿ.ವಿ.ಯಲ್ಲಿ ಯಾರೋ ಅಳುತ್ತಿರುತ್ತಾರೆ, ನಮಗೆ ಮಾತ್ರ ಲೋಕದಲ್ಲಿ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಇಂಥ ನೆಲ ಇರುವಾಗ ಅದರಿಂದ ಒಂದೂವರೆ ಅಡಿ ಮೇಲೆ ಹೋಗಿ ಚಳಿಯಲ್ಲಿ ಕೂರುವವನು ಮೂರ್ಖ ಎಂದು ಮೇಸ್ತ್ರಿಗಳು ಹೇಳುತ್ತಿದ್ದರು. ನಾನು ಒಪ್ಪುತ್ತಿದ್ದೆ. ನಮ್ಮ ಬ್ಲಾಕಿನಲ್ಲಿ ಸೋಫಾ ಇದ್ದವರೂ ಒಪ್ಪುತ್ತಿದ್ದರು.

ಆದರೆ ಹ್ವಾಜಾ ಅವರ ಮೊಣಕಾಲು ಒಪ್ಪಲಿಲ್ಲ. ನೆಲದ ಮೇಲೆ ಕೂತು ಮೂವತ್ತನಾಲ್ಕು ಚಳಿಗಾಲದ ಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕಿದ, ಆ ನೆಲವನ್ನೇ ಬಗ್ಗಿ ಒರೆಸಿದ ಮೊಣಕಾಲುಗಳು ಒಂದು ದಿನ ಮುಷ್ಕರ ಹೂಡಿದವು. ಆಸ್ಪತ್ರೆಯಲ್ಲಿ ಎರಡನ್ನೂ ತೆಗೆದು ಹೊಸದು ಹಾಕಿದರು. ಮೂರನೇ ದಿನ ಡಾಕ್ಟರು ಬಂದು, "ಅಮ್ಮಾ, ಇನ್ಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ. ಯಾವತ್ತೂ" ಎಂದರು.

ಮೇಸ್ತ್ರಿಗಳು "ಹಬ್ಬದ ದಿನ?" ಎಂದು ಕೇಳಿದರು.

"ಹಬ್ಬದ ದಿನಾನೂ ಅದೇ ಕಾಲು ತಾನೇ ಇರೋದು" ಎಂದು ಡಾಕ್ಟರು ಹೊರಟುಹೋದರು.

ಮಂಚದ ಆ ಕಡೆ ಹ್ವಾಜಾ ಅವರ ತಂಗಿ ಇನ್‌ಜಾ ನಿಂತಿದ್ದರು. ಜಿಯೊಂಜು ಪಟ್ಟಣದಲ್ಲಿ ಅವರದು ದೊಡ್ಡ ಮನೆ, ದೊಡ್ಡ ಕಾರು, ಧ್ವನಿಯೂ ಸಣ್ಣದಲ್ಲ.

"ಕೇಳಿಸ್ತಾ ಭಾವ? ನಮ್ಮಕ್ಕನ್ನ ನೆಲದ ಮೇಲೆ ಕೂರ್ಸಿದ್ದು ಸಾಕು. ಇಲ್ಲಿಂದ ಸೀದಾ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಚರ್ಮದ ಸೋಫಾ ಇದೆ, ನಾಲ್ಕು ಜನ ಮಲಗ್ಬಹುದು."

"ಎಷ್ಟು ದಿನಕ್ಕೆ?" ಎಂದರು ಮೇಸ್ತ್ರಿಗಳು.

"ಡಾಕ್ಟ್ರು ಯಾವತ್ತೂ ಅಂದ್ಮೇಲೆ ಯಾವತ್ತೂ."

ಮೇಸ್ತ್ರಿಗಳು ಹೆಂಡತಿಯ ಮುಖ ನೋಡಿದರು. ಹ್ವಾಜಾ ಅವರು ಕಿಟಕಿಯ ಕಡೆ ನೋಡುತ್ತ, "ಕೂರೋಕೆ ಜಾಗ ಇಲ್ದಿರೋ ಮನೆಗೆ ನಾನು ಹೆಂಗ್ರೀ ಬರ್ಲಿ" ಎಂದರು. ಸಿಟ್ಟಿನಿಂದಲ್ಲ, ಮೆತ್ತಗೆ. ಅದೇ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಬೆಳಗ್ಗೆ ಮೇಸ್ತ್ರಿಗಳು ನನ್ನ ಬಾಗಿಲಲ್ಲಿ ನಿಂತಿದ್ದರು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. "ಕೆಳಗಿನ ಮನೆಯವ್ರೇ, ಕಾರು ತೆಗೀರಿ. ಅವಳನ್ನ ಆಸ್ಪತ್ರೆಯಿಂದ ಬಿಡೋಕೆ ಹನ್ನೆರಡು ದಿನ ಇದೆ. ಸೋಫಾ ತರದಿದ್ರೆ ಅವಳು ಬರಲ್ಲ." ಅಷ್ಟು ಹೇಳುವಾಗ ಅವರ ಧ್ವನಿ ಸೀಳಿತು. ಸೀಳಿದ ಹಲಗೆಯನ್ನು ಅವರು ಒಪ್ಪುತ್ತಿರಲಿಲ್ಲ. ಆದ್ದರಿಂದ ಕೆಮ್ಮಿ ಸರಿಮಾಡಿಕೊಂಡರು.

ಮೊದಲ ಅಂಗಡಿಯಲ್ಲಿ ಒಬ್ಬ ತೆಳ್ಳಗಿನ ಮಾರಾಟಗಾರ ನಮ್ಮನ್ನು ಬೂದು ಬಣ್ಣದ ದೊಡ್ಡ ಸೋಫಾದ ಮುಂದೆ ನಿಲ್ಲಿಸಿ, ಅದರೊಳಗೆ ಯಾವ ಹಕ್ಕಿಯ ಎಷ್ಟು ಪುಕ್ಕ ಇದೆಯೆಂದು ವಿವರಿಸಿದ. ಮೇಸ್ತ್ರಿಗಳು ಕೊನೆಯವರೆಗೂ ಕೇಳಿದರು. ಆಮೇಲೆ ಬೂಟು ಬಿಚ್ಚಿ ಜಮಖಾನದ ಅಂಚಿನಲ್ಲಿ ಜೋಡಿಸಿಟ್ಟು, ಸೋಫಾದ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಬೆನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು.

ಮಾರಾಟಗಾರನಿಗೆ ಆಶ್ಚರ್ಯವಾಯಿತು ಎಂದು ನೀವು ತಿಳಿದರೆ ನಮ್ಮ ಊರು ನಿಮಗೆ ಗೊತ್ತಿಲ್ಲ. ಅವನು ಗೌರವದಿಂದ ಕೈಕಟ್ಟಿ ಕಾದ.

"ಆಗಲ್ಲ" ಎಂದರು ಮೇಸ್ತ್ರಿಗಳು ಕಣ್ಣು ತೆರೆದು. "ಬೆನ್ನು ಒಳಗೆ ಹೋಗುತ್ತೆ. ಯಾರೋ ಹಿಂದ್ಗಡೆಯಿಂದ ಎಳೀತಿರೋ ಹಾಗಿದೆ."

ಎರಡನೇ ಅಂಗಡಿಯ ಸೋಫಾ ತಗ್ಗಿನದು, ತಲೆ ಇಡಲು ಜಾಗವಿಲ್ಲದೆ ಕುತ್ತಿಗೆ ಹಿಂದಕ್ಕೆ ಜೋತುಬಿತ್ತು. ಮೂರನೇ ಅಂಗಡಿಯ ಸೋಫಾದ ಅಂಚು ದುಂಡಗೆ ಉಬ್ಬಿ ಬೆನ್ನನ್ನು ಮುಂದೆ ತಳ್ಳುತ್ತಿತ್ತು. ಅಲ್ಲಿ ಇನ್ನೊಂದು ಸೋಫಾದ ಕೆಳಗೆ ನಮ್ಮದೇ ವಯಸ್ಸಿನ ಒಬ್ಬರು ಬೂಟು ಬಿಚ್ಚಿ ಒರಗಿದ್ದರು. ಅವರೂ ಮೇಸ್ತ್ರಿಗಳೂ ಕಣ್ಣಲ್ಲೇ ನಮಸ್ಕಾರ ಮಾಡಿಕೊಂಡರು. ಹೀಗೆ ಆರು ದಿನ ಕಳೆದವು. ಪ್ರತಿ ಸಂಜೆ ಆಸ್ಪತ್ರೆಯಲ್ಲಿ ಹ್ವಾಜಾ ಅವರು "ಸಿಕ್ತಾ?" ಎಂದು ಕೇಳುವರು. "ನಿನಗೆ ಯಾವ್ಯಾವ್ದೋ ತಂದ್ಹಾಕೋಕಾಗುತ್ತಾ? ಪರೀಕ್ಷೆ ಮಾಡ್ತಿದ್ದೀನಿ" ಎಂದು ಇವರು ಹೇಳುವರು. ಇನ್‌ಜಾ ಅವರು ಪಕ್ಕದಲ್ಲಿ ಪರ್ಸಿಮನ್ ಹಣ್ಣು ಸುಲಿಯುತ್ತ, ತಮ್ಮ ಮನೆಯಲ್ಲಿ ಅಕ್ಕನಿಗೆ ಯಾವ ಕೋಣೆ ಎಂದು ಹೇಳುವರು.

ಏಳನೇ ದಿನ ಊರ ಹೊರಗಿನ ಒಂದು ಗೋದಾಮಿಗೆ ಹೋದೆವು. ಅದರ ಮಾಲೀಕ ಬ್ಯೊನ್ ಎನ್ನುವ ದಪ್ಪ ಮನುಷ್ಯ. ಮೂಲೆಯಲ್ಲಿ ಕಡುನೀಲಿ ಬಣ್ಣದ, ಎತ್ತರವಾದ, ಬಹಳ ಗಂಭೀರ ಮುಖದ ಸೋಫಾ ಒಂದಿತ್ತು. "ಅದು ಬೇಡ ಬಿಡಿ" ಎಂದರು ಬ್ಯೊನ್, "ಎರಡು ಸಲ ವಾಪಸ್ ಬಂದಿದೆ." ಪರೀಕ್ಷಕನಿಗೆ ಇದಕ್ಕಿಂತ ಬೇರೆ ಆಹ್ವಾನ ಬೇಕೇ? ಮೇಸ್ತ್ರಿಗಳು ಬೂಟು ಬಿಚ್ಚಿದರು, ಕೂತರು, ಒರಗಿದರು.

ಗೋದಾಮಿನ ಮೇಲ್ಗಿಟಕಿಯಿಂದ ಮಧ್ಯಾಹ್ನದ ಬಿಸಿಲು ಇಳಿದು ಅವರ ಪಾದದ ಮೇಲೆ ಬಿದ್ದಿತ್ತು. ಧೂಳಿನ ಕಣಗಳು ಅವಸರವಿಲ್ಲದೆ ತಿರುಗುತ್ತಿದ್ದವು. ಅವರು ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನು ಅವರ ಬಲಗಡೆ ಕೂತು ಒರಗಿದೆ. ಏನು ಹೇಳಲಿ! ಅಂಚು ಸರಿಯಾಗಿ ಹೆಗಲಿನ ಕೆಳಗೆ ಬಂತು, ತಲೆಗೆ ತಾನಾಗಿ ಜಾಗ ಸಿಕ್ಕಿತು, ಬೆನ್ನು ನನ್ನದೆಂಬುದೇ ಮರೆತುಹೋಯಿತು. ನಮ್ಮಿಬ್ಬರಿಂದ ಉತ್ತರ ಬಾರದ್ದನ್ನು ನೋಡಿ ಬ್ಯೊನ್ ಕೂಡ ಬಂದು ಎಡಗಡೆ ಕೂತರು. "ಇಷ್ಟು ದಿನ ಇಲ್ಲೇ ಇತ್ತು" ಎಂದು ಗೊಣಗಿದ್ದು ಕೇಳಿಸಿತು, ಆಮೇಲೆ ಗೊರಕೆ.

ನಾವು ಮೂವರೂ ಎಷ್ಟು ಹೊತ್ತು ಹಾಗೆ ಇದ್ದೆವೋ ತಿಳಿಯದು. ಎಚ್ಚರವಾದಾಗ ಬಿಸಿಲು ಪಾದ ಬಿಟ್ಟು ಗೋಡೆ ಏರಿತ್ತು. ಮೇಸ್ತ್ರಿಗಳು ಎದುರಿನ ಅಲಮಾರುಗಳನ್ನು ನೋಡುತ್ತ ಹೇಳಿದರು: "ಕನಸು ಬಿತ್ತು. ಸಮುದ್ರ ಹಿಂದಕ್ಕೆ ಹೋಗಿತ್ತು, ಕೆಸರು ಬಯಲೆಲ್ಲ ಹೊಳೀತಿತ್ತು. ಈ ಸೋಫಾ ಅದರ ಮೇಲೆ ತೇಲ್ಕೊಂಡು ಹೋಗ್ತಿತ್ತು. ಹ್ವಾಜಾ ಮೇಲೆ ಕೂತು ಗೆಣಸು ತಿಂತಿದ್ಲು. ನಂಗೂ ಕೊಟ್ಲು."

"ಬಿಸಿ ಇತ್ತಾ?" ಎಂದು ಬ್ಯೊನ್ ಕೇಳಿದರು.

"ಬಿಸಿ ಇತ್ತು."

ಅಲ್ಲಿಗೆ ವ್ಯಾಪಾರ ಮುಗಿಯಿತು. ಹೆಂಡತಿ ಮೇಲೆ ಕೂತಿರುವುದನ್ನು ಕನಸಿನಲ್ಲಿ ಅಷ್ಟು ಸ್ಪಷ್ಟವಾಗಿ ಕಂಡ ಮನುಷ್ಯನಿಗೆ, ಎಚ್ಚರವಾದ ಮೇಲೆ ಒಂದು ಸಲ ತಾನೂ ಮೇಲೆ ಕೂತು ನೋಡಬೇಕೆಂದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂಬುದನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ.

ಸೋಫಾ ಲಿಫ್ಟಿಗೆ ಹಿಡಿಸದು, ಆದ್ದರಿಂದ ಮನೆ ಬದಲಿಸುವವರು ಕರೆಸುವ ಏಣಿ ಲಾರಿ ಬಂತು. ಒಂಬತ್ತನೇ ಮಹಡಿಯ ಕಿಟಕಿಗೆ ಏಣಿ ಚಾಚಿ, ಅದರ ಹಲಗೆಯ ಮೇಲೆ ಸೋಫಾ ಇಟ್ಟು, ಗುಂಡಿ ಒತ್ತಿದರು. ಶರತ್ಕಾಲದ ಆಕಾಶದಲ್ಲಿ ಆ ನೀಲಿ ಸೋಫಾ ಒಂಟಿಯಾಗಿ, ಅಲುಗಾಡದೆ, ಒಂದೊಂದೇ ಮನೆಯ ಕಿಟಕಿಯನ್ನು ದಾಟುತ್ತ ಮೇಲೇರಿತು. ಮೂರನೇ ಮಹಡಿಯ ಅಜ್ಜಿ ಒಗೆದ ಬಟ್ಟೆ ಕೈಯಲ್ಲೇ ಹಿಡಿದು ನೋಡಿದರು. ಕೆಳಗೆ ನಿಂತಿದ್ದ ನಾವೆಲ್ಲ ಬಾಯಿ ತೆರೆದು ಕುತ್ತಿಗೆ ಎತ್ತಿದ್ದೆವು. ಗೇಟಿನ ಕಾವಲುಗಾರರೊಬ್ಬರೇ ಓಡಿಬಂದು, "ಮೇಸ್ತ್ರಿಗಳೇ, ಮನೆ ಖಾಲಿ ಮಾಡ್ತಿದ್ದೀರಾ? ನಂಗೆ ಒಂದು ಮಾತು ಹೇಳ್ಬಾರ್ದಾ?" ಎಂದು ಕಣ್ಣೀರಿನ ಹತ್ತಿರಕ್ಕೆ ಬಂದರು.

"ಖಾಲಿ ಅಲ್ಲ, ತುಂಬಿಸ್ತಿದ್ದೀನಿ" ಎಂದರು ಮೇಸ್ತ್ರಿಗಳು.

ಮಾರನೆಯ ದಿನದಿಂದ ಪರೀಕ್ಷಕ ಮಂಡಳಿ ಬರತೊಡಗಿತು. ಮಹಿಳಾ ಸಂಘದ ಅಧ್ಯಕ್ಷೆ ಮೊದಲು ಬಂದರು. ಈಕೆ ಒಪ್ಪದೆ ನಮ್ಮ ಬ್ಲಾಕಿನಲ್ಲಿ ಹೂಕುಂಡವೂ ಜಾಗ ಬದಲಿಸುವುದಿಲ್ಲ. ಕಿಟಕಿ, ಬೆಳಕು, ಬಣ್ಣ ನೋಡಿ, ನೆಲದ ಮೇಲೆ ಕೂತು ಒರಗಿ, "ಮೇಸ್ತ್ರಿಗಳೇ, ಹ್ವಾಜಾಗೆ ಇದು ಸಿಂಹಾಸನ" ಎಂದು ತೀರ್ಪಿತ್ತು, ಅಲ್ಲೇ ಮುಕ್ಕಾಲು ಗಂಟೆ ನಿದ್ದೆ ಮಾಡಿದರು. ಅವರ ಮಾತು ಕೇಳಿ ಮೂರನೇ ಮಹಡಿಯ ಅಜ್ಜಿ ಬಂದರು, ಕಾವಲುಗಾರರು ಟೋಪಿ ಬಿಚ್ಚಿ ಬಂದರು, ಏಳನೇ ಮಹಡಿಯ ಗಂಡಹೆಂಡಿರು ಜಗಳ ಅರ್ಧಕ್ಕೆ ಬಿಟ್ಟು ಬಂದರು. ಗುಂಡಿ ತಿರುಗಿಸಿ ನೆಲ ಬಿಸಿ ಮಾಡಿದ್ದಾಯಿತು, ಬಾರ್ಲಿ ಚಹಾ ಬಂತು, ಸುಟ್ಟ ಗೆಣಸು ಬಂತು. ಮಧ್ಯಾಹ್ನದ ಹೊತ್ತಿಗೆ ಏಳು ಬೆನ್ನುಗಳು ಸಾಲಾಗಿ ಸೋಫಾಕ್ಕೆ ಒರಗಿ, ಹದಿನಾಲ್ಕು ಕಾಲುಗಳು ಟಿ.ವಿ. ಕಡೆ ಚಾಚಿರುತ್ತಿದ್ದವು. ಒಬ್ಬೊಬ್ಬರಾಗಿ ಮಾತು ನಿಲ್ಲಿಸುತ್ತಿದ್ದರು. ಏಳನೇ ಮಹಡಿಯವರು ಹೆಂಡತಿಯ ಭುಜದ ಮೇಲೆ ತಲೆಯಿಟ್ಟು ಮಲಗಿದ್ದನ್ನು ನಾನೇ ನೋಡಿದೆ.

ಆಸ್ಪತ್ರೆಯಿಂದ ಹ್ವಾಜಾ ಅವರು ಫೋನ್ ಮಾಡಿದಾಗ ಫೋನು ಕೈಯಿಂದ ಕೈಗೆ ಹೋಯಿತು.

"ಚೆನ್ನಾಗಿದ್ಯಾ ಸೋಫಾ?"

"ಚೆನ್ನಾಗಿದ್ಯಾ ಅಂತೀರಲ್ಲ! ಈಗ್ತಾನೆ ಎದ್ದೆ!"

"ಮೆತ್ತಗಿದ್ಯಾ?"

"ಬೆನ್ನಿಗೆ ಗೊತ್ತೇ ಆಗಲ್ಲ ರೀ."

ಏಳು ಸಾಕ್ಷಿಗಳು, ಒಂದೇ ಮಾತು, ಒಬ್ಬರೂ ಸುಳ್ಳು ಹೇಳಲಿಲ್ಲ. ಹ್ವಾಜಾ ಅವರು ಆ ಸಂಜೆ ತಂಗಿಗೆ, "ಇನ್‌ಜಾ, ನಾನು ಮನೆಗೇ ಹೋಗ್ತೀನೇನೋ" ಎಂದರಂತೆ.

"ನೋಡೋಣ" ಎಂದರಂತೆ ಇನ್‌ಜಾ. "ಮೊದಲು ನಾನು ಕೂತು ನೋಡ್ಬೇಕು."

ಬಿಡುಗಡೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಅವರ ದೊಡ್ಡ ಕಾರು ಗೇಟಿನೊಳಗೆ ಬಂತು. ಕಾವಲುಗಾರರು ಪೆಟ್ಟಿಗೆ ಇಳಿಸಲು ಹೋದರೆ ಇನ್‌ಜಾ ಅವರು ಡಿಕ್ಕಿ ಮುಚ್ಚಿಬಿಟ್ಟರು. "ಪೆಟ್ಟಿಗೆ ಅಲ್ಲೇ ಇರ್ಲಿ. ಸೋಫಾ ನೋಡಿದ ಮೇಲೆ ಅದು ಮೇಲಕ್ಕೆ ಬರುತ್ತೋ ಜಿಯೊಂಜುಗೆ ಹೋಗುತ್ತೋ ಹೇಳ್ತೀನಿ."

ಮೇಲೆ ನಾವೆಲ್ಲ ಸ್ವಾಗತಕ್ಕೆ ಸಾಲಾಗಿ ಒರಗಿದ್ದೆವು. ಬಾಗಿಲು ತೆರೆದು ಹ್ವಾಜಾ ಅವರು ನಾಲ್ಕು ಕಾಲಿನ ಊರುಗೋಲು ಹಿಡಿದು ನಿಧಾನವಾಗಿ ಒಳಗೆ ಬಂದಾಗ ಎಲ್ಲರೂ ಧಡಬಡ ಎದ್ದೆವು. ನೀಲಿ ಸೋಫಾ ಪೂರ್ತಿ ಕಾಣಿಸಿತು. ಇನ್‌ಜಾ ಅವರ ಕಣ್ಣು ಅದರ ಮೇಲೆ ಒಂದು ಸುತ್ತು ಹೋಗಿ, ಕೂರುವ ಜಾಗದಲ್ಲಿ ನಿಂತಿತು.

"ಭಾವ. ಇದೇನಿದು?"

ಕೂರುವ ಜಾಗದ ಮೇಲೆ ಗೋದಾಮಿನ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಒಂದು ಸುಕ್ಕೂ ಇಲ್ಲ. ಅದರ ಮೇಲೆ ಐದು ದಿನದ ಧೂಳು ಬೇರೆ, ಮೂಲೆಯಲ್ಲಿ ಯಾರದೋ ಚಹಾ ಬಟ್ಟಲು.

"ಯಾರೂ ಮೇಲೆ ಕೂತೇ ಇಲ್ವಾ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏಳನೇ ಮಹಡಿಯವರು ಹೆಂಡತಿಯನ್ನು ನೋಡಿದರು, ಆಕೆ ಅಧ್ಯಕ್ಷೆಯನ್ನು ನೋಡಿದರು, ಅಧ್ಯಕ್ಷೆ ನನ್ನನ್ನು ನೋಡಿದರು. ನನಗೆ ನೋಡಲು ಯಾರೂ ಉಳಿದಿರಲಿಲ್ಲ.

"ಒರಗಿ ನೋಡಿದ್ದೆ" ಎಂದರು ಮೇಸ್ತ್ರಿಗಳು ಸಣ್ಣ ಧ್ವನಿಯಲ್ಲಿ. "ನಾಲ್ಕು ಅಂಗಡಿ ಒರಗಿ ನೋಡಿದ್ದೆ."

ಇನ್‌ಜಾ ಅವರು ಪ್ಲಾಸ್ಟಿಕ್ಕನ್ನು ಸರ್ರನೆ ಎಳೆದು, ತಿರುಗಿ, ಧಪ್ಪನೆ ಕೂತರು. ಕೂತ ವೇಗದಲ್ಲೇ ಎದ್ದರು. "ಅಯ್ಯೋ ನನ್ನ ಸೊಂಟ! ಇದು ಸೋಫಾನಾ, ಮೀನು ಕತ್ತರಿಸೋ ಹಲಗೆನಾ? ಭಾವ, ಕಾರ್ಖಾನೆಯಿಂದ ಪ್ಲೈವುಡ್ ತಂದು ಬಟ್ಟೆ ಸುತ್ಸಿದ್ದೀರಾ?" ಆಮೇಲೆ ಎಡಗಡೆ ನೋಡಿದರು, ಬಲಗಡೆ ನೋಡಿದರು. "ಕೈಗಳೆಲ್ಲಿ? ಸೋಫಾಗೆ ಕೈಗಳೆಲ್ಲಿ ಭಾವ?"

ಆಗಲೇ ನಾವೂ ನೋಡಿದ್ದು. ಸೋಫಾಕ್ಕೆ ಎರಡು ಕಡೆಯೂ ಕೈ ಇರಲಿಲ್ಲ. ಕೆಳಗೆ ಕೂತವರಿಗೆ ಕೈಯ ಕೆಲಸವಿಲ್ಲ, ಆದ್ದರಿಂದ ಅದು ಇಲ್ಲದ್ದು ಏಳು ಜನರ ಗಮನಕ್ಕೂ ಬಂದಿರಲಿಲ್ಲ.

"ಹೊಸ ಮೊಣಕಾಲಿನವಳು ಏನು ಹಿಡ್ಕೊಂಡು ಏಳ್ಬೇಕು? ಗಾಳಿನಾ? ಅಕ್ಕ, ನಡಿ. ಕೆಳಗೆ ಕಾರಿದೆ."

ಮೇಸ್ತ್ರಿಗಳ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಮೂವತ್ತೊಂದು ವರ್ಷದಲ್ಲಿ ಒಂದು ಹಲಗೆಯೂ ವಾಪಸ್ ಬಂದಿರಲಿಲ್ಲ ಅವರಿಗೆ. ಅವರು ಸೋಫಾದ ಎಡಗಡೆ ನೆಲದ ಮೇಲೆ ಕುಸಿದು ಕೂತರು. ಬೆನ್ನು ತನ್ನಷ್ಟಕ್ಕೆ ಒರಗಿತು. ಅಭ್ಯಾಸ.

ಹ್ವಾಜಾ ಅವರು ಇಷ್ಟು ಹೊತ್ತೂ ಊರುಗೋಲು ಹಿಡಿದು ನಿಂತೇ ಇದ್ದರು. "ಕಾರಿಗೆ ಹೋಗೋಕೆ ಮುಂಚೆ ಒಂದು ಗಳಿಗೆ ಕೂರ್ತೀನಿ. ಕಾಲು ನೋಯ್ತಿದೆ" ಎಂದರು. ಒಂದೊಂದೇ ಹೆಜ್ಜೆ ಇಟ್ಟು ಬಂದು, ತಿರುಗಿ, ಗಂಡನ ಪಕ್ಕಕ್ಕೆ ಮೇಲೆ ಕೂತರು. ಸೋಫಾ ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ. ನಾವೆಲ್ಲ ಉಸಿರು ಹಿಡಿದಿದ್ದೆವು. ಕಿಟಕಿಯಾಚೆ ಬಂದರಿನ ಕಡೆಯ ಆಕಾಶ ಮಸುಕಾಗಿತ್ತು, ನೆಲ ಬೆಚ್ಚಗಿತ್ತು. ಹಾಗೆ ಸ್ವಲ್ಪ ಹೊತ್ತು ಹೋಯಿತು. ಎಷ್ಟು ಹೊತ್ತು ಎಂದರೆ ಅಧ್ಯಕ್ಷೆ ಒಮ್ಮೆ ಆಕಳಿಸಿದರು.

"ಏನ್ರೀ" ಎಂದರು ಹ್ವಾಜಾ ಕೊನೆಗೆ, ಕೆಳಗೆ ನೋಡಿ. "ನಿಮ್ಮ ನೆತ್ತಿ ಮೇಲೆ ಕೂದಲೇ ಇಲ್ಲ. ಯಾವಾಗ ಹೋಯ್ತು?"

"ಗೊತ್ತಿಲ್ಲ. ನಂಗೂ ಕಾಣಲ್ಲ."

"ಅಕ್ಕ, ಹೊರಡೋಣ" ಎಂದು ಇನ್‌ಜಾ ಕೈ ಚಾಚಿದರು. ಹ್ವಾಜಾ ಅವರು ಆ ಕೈ ಹಿಡಿಯಲಿಲ್ಲ. ತಮ್ಮ ಎಡಗೈಯನ್ನು ಕೆಳಗಿದ್ದ ಗಂಡನ ಭುಜದ ಮೇಲಿಟ್ಟು, ಭಾರ ಹಾಕಿ, ಹಲ್ಲು ಕಚ್ಚಿ, ಎದ್ದು ನಿಂತರು. ಮೇಸ್ತ್ರಿಗಳು ಬೆಚ್ಚಿ ಮೇಲೆ ನೋಡಿದರು. ಹ್ವಾಜಾ ಅವರು ಬಾಗಿಲ ಕಡೆ ಹೋಗಲಿಲ್ಲ. ಭುಜ ಹಿಡಿದೇ ಮತ್ತೆ ಕೂತರು. ಮತ್ತೆ ಎದ್ದರು.

"ಏನಕ್ಕಾ ಇದು?"

"ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಎದ್ದು ಕೂತು ಮಾಡ್ಬೇಕು ಅಂತ ಹೇಳಿದ್ದಾರೆ. ಇವತ್ತು ಮಾಡಿಲ್ಲ." ಕೂತರು. "ನಿನ್ನ ಸೋಫಾ ಮೆತ್ತಗಿದೆ ಕಣೆ. ಅದ್ರಲ್ಲಿ ಕೂತ್ರೆ ಮುಳುಗಿ ಹೋಗ್ತೀನಿ." ಎದ್ದರು. "ಮೂರು."

"ನಮ್ಮನೆ ಸೋಫಾಗೆ ಎರಡು ಕೈ ಇದೆ! ಚರ್ಮದ್ದು!"

"ಇರ್ಬಹುದು" ಎಂದರು ಹ್ವಾಜಾ. "ನಾಲ್ಕು."

ಮೇಸ್ತ್ರಿಗಳು ಕುತ್ತಿಗೆ ನೆಟ್ಟಗೆ ಮಾಡಿ, ಎರಡು ಅಂಗೈಯನ್ನೂ ನೆಲಕ್ಕೆ ಊರಿ, ಕಂಬದಂತೆ ಕೂತಿದ್ದರು. ಪ್ರತಿ ಸಲ ಭಾರ ಬಿದ್ದಾಗಲೂ ಭುಜ ಒಂದಿಷ್ಟು ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಐದಾಯಿತು. ಆರಕ್ಕೆ ಹ್ವಾಜಾ ಅವರು ನಿಂತು ಉಸಿರು ತೆಗೆದುಕೊಳ್ಳುವಾಗ, ಮೇಸ್ತ್ರಿಗಳು ಆಫ್ ಆಗಿದ್ದ ಟಿ.ವಿ.ಯನ್ನೇ ನೋಡುತ್ತ, ಅಷ್ಟು ಜನರ ಎದುರಿಗೆ, "ಹೋಗ್ಬೇಡ. ನೀನಿಲ್ದೆ ನಂಗೆ ಇರೋಕಾಗಲ್ಲ" ಎಂದರು. ಭುಜ ಸಣ್ಣಗೆ ನಡುಗಿತು.

ಕಾವಲುಗಾರರು ಸದ್ದಿಲ್ಲದೆ ಟೋಪಿ ಹಾಕಿಕೊಂಡು ಇನ್‌ಜಾ ಅವರ ಮುಂದೆ ಅಂಗೈ ಚಾಚಿದರು. ಇನ್‌ಜಾ ಅವರು ಅಕ್ಕನನ್ನು ನೋಡಿದರು, ಭಾವನ ನೆತ್ತಿಯನ್ನು ನೋಡಿದರು, ಮೂಗು ಒರೆಸಿಕೊಂಡು ಡಿಕ್ಕಿಯ ಕೀ ಕೊಟ್ಟರು.

"ಅಲ್ಲಾಡ್ಬೇಡ್ರೀ" ಎಂದರು ಹ್ವಾಜಾ, ಭುಜವನ್ನು ಇನ್ನೂ ಗಟ್ಟಿಯಾಗಿ ಹಿಡಿದು. "ಇನ್ನೂ ನಾಲ್ಕು ಸಲ ಇದೆ."